ಪ್ರತಿಕ್ರಿಯೆ: ಪದಕಗಳಿಂದ ತಾತನ ಸೇನಾಜೀವನ ತಿಳಿಯಬಹುದೇ?

ನಮಸ್ಕಾರ. ಸೇನೆಯ ಇಂಜಿನಿಯರ್ ಪಡೆಯಾದ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ ಬಡಗಿಯಾಗಿದ್ದು, ನಿವೃತ್ತಿಯ ನಂತರ ಊರಿನಲ್ಲಿ ಮರಗೆಲಸ ಮಾಡಿ ಐವರು ಮಕ್ಕಳನ್ನು ಸಾಕಿದ ನಿಮ್ಮ ತಾತನವರ ಬದುಕನ್ನು ಬರೆಯಲು, ಮನೆಯಲ್ಲಿ ಉಳಿದಿರುವ ಪದಕಗಳು ನೆರವಾಗುತ್ತವೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತವೆ. ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸೇನಾಸಂಖ್ಯೆ, ದರ್ಜೆ ಮತ್ತು ಹೆಸರನ್ನು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಒತ್ತಿರುವುದು ವಾಡಿಕೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಮ್ಮ ಮನೆಯಲ್ಲಿ ಹಾಗೆ ಉಜ್ಜಿ ಉಜ್ಜಿಯೇ ಎರಡು ಅಂಕಿಗಳು ಸವೆದುಹೋದವು. ಪೂರ್ವಿ ಸ್ಟಾರ್ ಎಂಬ ಪದಕ ಇದ್ದರೆ 1971ರ ಯುದ್ಧದಲ್ಲಿ ಅವರು ಪೂರ್ವದ ರಣರಂಗದಲ್ಲಿದ್ದರು, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದಲ್ಲಿದ್ದರು ಎಂದು ತಿಳಿಯಬಹುದು.

ಪದಕಕ್ಕಿಂತ ಹೆಚ್ಚು ಮಾತನಾಡುವುದು ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕ. ಸೇನೆಗೆ ಸೇರಿದ ದಿನ, ಕಲಿತ ಕಸುಬು, ನಡತೆಯ ಷರಾ ಎಲ್ಲವೂ ಅದರಲ್ಲಿರುತ್ತವೆ. ಅದು ಕಳೆದಿದ್ದರೆ, ನಿಮ್ಮ ಅಜ್ಜಿಯವರಿಗೆ ಬರುವ ಕುಟುಂಬ ಪಿಂಚಣಿಯ ಆದೇಶಪತ್ರವನ್ನು ಹಿಡಿದುಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಗ್ರೂಪಿನ ದಾಖಲೆ ಕಚೇರಿಗೆ ಹೇಗೆ ಬರೆಯಬೇಕೆಂಬುದನ್ನು ಅಲ್ಲಿ ವಿಚಾರಿಸಬಹುದು.

ಹಳೆಯ ಪತ್ರಗಳಲ್ಲಿ ಊರಿನ ಹೆಸರಿಲ್ಲದೆ ‘56 ಎಪಿಒ’ (ಎಪಿಒ ಎಂದರೆ ಸೇನಾ ಅಂಚೆ ಕಚೇರಿ) ಎಂದಷ್ಟೇ ಇದ್ದರೆ ನಿರಾಶರಾಗಬೇಡಿ, ಸೈನಿಕರು ಎಲ್ಲಿದ್ದಾರೆಂಬುದನ್ನು ಮರೆಮಾಡಲೆಂದೇ ಆ ವಿಳಾಸವಿತ್ತು. ಇನ್ನು ಕಸುಬಿನ ಭಾಗಕ್ಕೆ ಯಾವ ಕಚೇರಿಯೂ ಬೇಡ. ಸೇತುವೆ ಕಟ್ಟುವ ಪಡೆಯಲ್ಲಿ ಪಳಗಿದ ಕೈ ಊರಿನಲ್ಲಿ ಯಾವ ಯಾವ ಮನೆಗಳ ಬಾಗಿಲು, ತೊಟ್ಟಿಲುಗಳನ್ನು ಮಾಡಿತೆಂಬುದನ್ನು ಅಜ್ಜಿಯವರನ್ನೇ ಕೇಳಿ, ಆ ಮನೆಗಳಿಗೆ ಹೋಗಿ ನೋಡಿ ಬನ್ನಿ.