ಬಾಡಿಗೆ ಆದಾಯಕ್ಕೆ ಫ್ಲ್ಯಾಟ್ ಕೊಳ್ಳುವುದೋ, ಮಹಡಿ ಕಟ್ಟುವುದೋ?

ಪ್ರಶ್ನೆ: ತುಮಕೂರಿನಲ್ಲಿ ಸ್ವಂತ ಮನೆಯಿದೆ, ನೆಲಮಹಡಿ ಮಾತ್ರ. ಕೈಯಲ್ಲಿ 20 ಲಕ್ಷ ರೂ. ಇದೆ. ಬೆಂಗಳೂರಿನಲ್ಲಿ 60 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ. 20 ಸಾವಿರ ಬಾಡಿಗೆ ಬರುತ್ತದಂತೆ. ಸಾಲ ಮಾಡಿ ಕೊಂಡರೆ ಬಾಡಿಗೆಯಲ್ಲೇ ಕಂತು ತೀರುತ್ತದೆಯೇ?
– ಓದುಗರು, ತುಮಕೂರು

ಉತ್ತರ: ತೀರುವುದಿಲ್ಲ. ಈ ಬೆಲೆಯ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ. 80, ಅಂದರೆ 48 ಲಕ್ಷ ಕೊಡುತ್ತದೆ. ಉಳಿದ 12 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಸೆಸ್ಸು, ಸರ್ಚಾರ್ಜು ಸೇರಿ ಶೇ. 5.6, ನೋಂದಣಿ ಶುಲ್ಕ ಶೇ. 2, ಎರಡೂ ಸೇರಿ 4.56 ಲಕ್ಷ. ಇದಕ್ಕೆ ಸಾಲ ಸಿಗುವುದಿಲ್ಲ. ವಕೀಲರ ಫೀಸು, ಫ್ಯಾನು, ಗೀಸರ್, ಬಣ್ಣ ಎಂದು ಇನ್ನೊಂದು ಲಕ್ಷ ಇಟ್ಟುಕೊಳ್ಳಿ.

ಇನ್ನು ಆದಾಯ. ಬಾಡಿಗೆದಾರರು ಬದಲಾಗುವಾಗ ಮನೆ ಖಾಲಿ ಬೀಳುತ್ತದೆ; ವರ್ಷಕ್ಕೆ 11 ತಿಂಗಳ ಬಾಡಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಆ 2.2 ಲಕ್ಷದಲ್ಲಿ ಕಂದಾಯ, ರಿಪೇರಿ, ಬ್ರೋಕರ್ ಕಮಿಷನ್ನಿಗೆಂದು 33 ಸಾವಿರ ಹೋದರೆ ಉಳಿಯುವುದು 1.87 ಲಕ್ಷ. ಹಾಕಿದ ಒಟ್ಟು ದುಡ್ಡಿಗೆ ಇದು ಶೇ. 3ಕ್ಕೂ ಕಡಿಮೆ. ಶೇ. 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ಕಂತು ತಿಂಗಳಿಗೆ ಸುಮಾರು 41,650 ರೂ. ಬಾಡಿಗೆಯಿಂದ ಕೈಗೆ ಸಿಗುವುದು ಸುಮಾರು 15,600. ತಿಂಗಳು ತಿಂಗಳೂ 26 ಸಾವಿರ ಸಂಬಳದಿಂದ ತುಂಬಬೇಕು. ಮುಂದೆ ಬೆಲೆ ಏರೀತು, ಆದರೆ ಆ ನಿರೀಕ್ಷೆಯಿಂದ ಈ ತಿಂಗಳ ಕಂತು ಕಟ್ಟಲಾಗದು.

ನಿಮ್ಮ ಮನೆಯ ಮೇಲೇ ಒಂದು ಮಹಡಿ ಕಟ್ಟುವುದನ್ನು ಮೊದಲು ಯೋಚಿಸಿ ಎನ್ನುವುದು ನಮ್ಮ ಸಲಹೆ. 9 ಚದರಕ್ಕೆ, ಅಂದರೆ 900 ಚದರಡಿಗೆ, ಚದರಡಿಗೆ 2,000 ರೂ.ನಂತೆ 18 ಲಕ್ಷ. ನಿಮ್ಮ ಬೀದಿಯಲ್ಲಿ 9,500 ಬಾಡಿಗೆ ಸಿಗುವುದಾದರೆ, 11 ತಿಂಗಳ ಲೆಕ್ಕದಲ್ಲಿ ಖರ್ಚು ಕಳೆದು ಸುಮಾರು 90 ಸಾವಿರ, ಅಂದರೆ ಶೇ. 5. ಸಾಲವಿಲ್ಲ, ನೋಂದಣಿ ಖರ್ಚಿಲ್ಲ.

ಆದರೆ ಮೇಸ್ತ್ರಿಯ ಮಾತೊಂದನ್ನೇ ನಂಬಿ ಕೆಲಸ ಶುರು ಮಾಡಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಪಾಯ, ಪಿಲ್ಲರ್ ನೋಡಬೇಕು. ಪಿಲ್ಲರ್ ಇಲ್ಲದೆ ಗೋಡೆಯ ಮೇಲೆಯೇ ನಿಂತ ಹಳೆಯ ಮನೆಯಾದರೆ ಇನ್ನೂ ಎಚ್ಚರ. ತಾರಸಿಯ ಮೇಲೆ ಬಿಟ್ಟಿರುವ ಕಂಬಿಗಳು ವರ್ಷಗಟ್ಟಲೆ ಮಳೆಗೆ ನೆನೆದು ತುಕ್ಕು ಹಿಡಿದು ಸಣ್ಣಗಾಗಿರುತ್ತವೆ. ಅವಕ್ಕೇ ಹೊಸ ಕಂಬಿ ಕಟ್ಟಿದರೆ ಜೋಡಣೆ ದುರ್ಬಲವಾಗುತ್ತದೆ. ಮೇಲಿನ ಬಚ್ಚಲನ್ನು ಕೆಳಗಿನ ಬಚ್ಚಲಿನ ನೇರಕ್ಕೇ ಇಡಿಸಿ. ಅಡುಗೆಮನೆಯ ಮೇಲೆ ಬಂದರೆ ಮುಂದೆ ಸೋರಿಕೆಯ ಕಾಟ ತಪ್ಪದು. ಮೆಟ್ಟಿಲು ಹೊರಗಿರಲಿ, ಬೆಸ್ಕಾಂ ಮೀಟರ್ ಬೇರೆ ಇರಲಿ. ಪಾಲಿಕೆಯಿಂದ ಪ್ಲ್ಯಾನ್ ಮಂಜೂರಾಗದೆ ಇಟ್ಟಿಗೆ ತರಿಸಬೇಡಿ.

ಆದರೂ ಫ್ಲ್ಯಾಟೇ ಬೇಕೆಂದರೆ ಮೂಲಪತ್ರ, ಇ-ಖಾತಾ, ಒಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ), ಕಂದಾಯ ರಸೀದಿ, 30 ವರ್ಷದ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ) ಇಷ್ಟನ್ನೂ ವಕೀಲರಿಗೆ ತೋರಿಸಿದ ಮೇಲೆಯೇ ಮುಂಗಡ ಕೊಡಿ. ಇಸಿ ಶುದ್ಧವಾಗಿದೆ ಎಂದು ನಿಶ್ಚಿಂತರಾಗಬೇಡಿ: ನೋಂದಣಿಯಾಗದ ಕರಾರು, ಉಯಿಲು ಅದರಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಬಾಡಿಗೆ ಕರಾರು 11 ತಿಂಗಳಿಗೇ ಏಕೆ? ಅಡ್ವಾನ್ಸ್ ಹಣವನ್ನು ಮನೆ ರಿಪೇರಿಗೆ ಬಳಸಬಹುದೇ?
– ಓದುಗರು, ಹಾಸನ

ಉತ್ತರ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಅದಕ್ಕೇ 11 ತಿಂಗಳು. ಪ್ರತಿ ಸಲವೂ ಹೊಸ ಛಾಪಾ ಕಾಗದದಲ್ಲಿ ಬರೆಸಿ. ಬಾಡಿಗೆ ಏರಿಕೆ, ನೋಟಿಸ್ ಅವಧಿ, ಬಣ್ಣದ ಖರ್ಚು ಯಾರದ್ದು ಎಂಬುದೆಲ್ಲ ಅದರಲ್ಲಿರಲಿ. ಕೀ ಕೊಡುವ ದಿನ ಮೀಟರ್ ರೀಡಿಂಗ್, ಗೋಡೆ, ನಲ್ಲಿಗಳ ಫೋಟೊ ತೆಗೆದು ಬಾಡಿಗೆದಾರರಿಗೂ ಕಳಿಸಿ.

ಅಡ್ವಾನ್ಸ್ ನಿಮ್ಮ ಹಣವಲ್ಲ, ಮುಟ್ಟಬೇಡಿ. ಅದನ್ನು ಖರ್ಚು ಮಾಡಿಕೊಂಡವರು, ಮುಂದಿನ ಬಾಡಿಗೆದಾರ ಬರುವವರೆಗೆ ಹಿಂದಿನವರಿಗೆ ದುಡ್ಡು ಕೊಡಲಾಗದೆ ಜಗಳಕ್ಕೆ ಬೀಳುತ್ತಾರೆ. ಬ್ಯಾಂಕಿನಲ್ಲಿ ಬೇರೆಯಾಗಿ ಠೇವಣಿ ಇಡಿ.

ಪ್ರಶ್ನೆ: ಬಾಡಿಗೆಯ ಮೇಲೆ ಆದಾಯ ತೆರಿಗೆ ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಬಂದ ಬಾಡಿಗೆಯಲ್ಲಿ ಕಟ್ಟಿದ ಪಾಲಿಕೆ ಕಂದಾಯ ಕಳೆಯಿರಿ, ಉಳಿದದ್ದರಲ್ಲಿ ಶೇ. 30 ಕಳೆಯಿರಿ. 1,04,500 ಬಾಡಿಗೆ, 4,500 ಕಂದಾಯ ಇದ್ದರೆ ಲೆಕ್ಕಕ್ಕೆ ಬರುವುದು 70 ಸಾವಿರ. ರಿಪೇರಿ ಬಿಲ್ಲಿಗೆ ಬೇರೆ ರಿಯಾಯಿತಿ ಇಲ್ಲ. ಗೃಹಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ ಹೊಸ ತೆರಿಗೆ ಪದ್ಧತಿಯಲ್ಲಿ ಅದನ್ನು ಸಂಬಳಕ್ಕೆ ಹೊಂದಿಸಲಾಗದು. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಹೊಂದಿಸಬಹುದು.