ರಷ್ಯಾದ ಇತಿಹಾಸ ಗೊತ್ತಿಲ್ಲದೆ ‘ಶ್ಯಾಡೋ ಅಂಡ್ ಬೋನ್’ ಓದಬಹುದಾ?

ಒಂಬತ್ತನೇ ಕ್ಲಾಸಿನ ಮಗಳು ಲೀ ಬಾರ್ಡುಗೋ ಅವರ ಈ ಕಾದಂಬರಿ ಬೇಕು ಅಂತಿದ್ದಾಳೆ, ರಷ್ಯಾದ ಇತಿಹಾಸ ಗೊತ್ತಿಲ್ಲದಿದ್ದರೆ ಅರ್ಥವಾಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಿಸಿ.

ಕಥೆ ನಡೆಯುವ ರಾವ್ಕಾ ಕಾಲ್ಪನಿಕ ದೇಶ. ಝಾರ್ ದೊರೆಗಳ ಕಾಲದ ರಷ್ಯಾವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಅರಮನೆಯಲ್ಲಿ ವೈಭೋಗ, ಹೊರಗೆ ಬಡ ರೈತರು, ಮುಗಿಯದ ಯುದ್ಧ. ಇಷ್ಟು ತಿಳಿದರೆ ಸಾಕು. ಅಲೀನಾ ಅನಾಥ ಹುಡುಗಿ, ಸೈನ್ಯದಲ್ಲಿ ನಕ್ಷೆ ಬರೆಯುವ ಕೆಲಸ. ದೇಶವನ್ನು ಸೀಳಿರುವ ಕತ್ತಲ ಪ್ರದೇಶವೊಂದನ್ನು ಮರಳಿನ ಮೇಲೆ ಓಡುವ ಹಾಯಿ ದೋಣಿಯಲ್ಲಿ ದಾಟಬೇಕು. ಒಳಗೆ ಏನೂ ಕಾಣಲ್ಲ. ರೆಕ್ಕೆಯ ಪ್ರಾಣಿಗಳು ಮೇಲಿಂದ ಎರಗುತ್ತವೆ. ಶುರುವಿನಲ್ಲೇ ಬರುವ ಈ ಭಾಗ ಓದಿದ ಮೇಲೆ ಪುಸ್ತಕ ಕೆಳಗಿಡೋದು ಕಷ್ಟ!

ಆದರೆ ಇದೇ ರಷ್ಯಾ ಅಂದುಕೊಳ್ಳಬಾರದು, ಅದನ್ನು ಅವಳಿಗೆ ಹೇಳಿ. ಪುಸ್ತಕದಲ್ಲಿ ಜನ ಕ್ವಾಸ್ ಕುಡಿದು ಅಮಲೇರಿಸಿಕೊಳ್ಳುತ್ತಾರೆ. ನಿಜವಾದ ಕ್ವಾಸ್ ರೈ ಬ್ರೆಡ್ ಹುಳಿ ಬರಿಸಿ ಮಾಡುವ ಪಾನೀಯ. ಅಮಲು ತೀರಾ ಕಡಿಮೆ, ಅಲ್ಲಿ ಮಕ್ಕಳೂ ಕುಡಿಯುತ್ತಾರೆ. ರಷ್ಯನ್ ಓದುಗರು ಇಂಥದಕ್ಕೆ ಬೇಸರಪಟ್ಟಿದ್ದು ಸರಿಯೇ ಅಲ್ವಾ? ರಾಜನ ಪಕ್ಕದಲ್ಲೇ ಸುಳಿದಾಡುವ ಧರ್ಮಗುರುವಿನ ಪಾತ್ರ ಮಾತ್ರ ಚೆನ್ನಾಗಿದೆ. ರಷ್ಯಾದ ಕೊನೆಯ ಝಾರ್‌ನ ಅರಮನೆಯಲ್ಲಿ ಪ್ರಭಾವ ಬೀರಿದ್ದ ಸಾಧು ರಾಸ್ಪುಟಿನ್ ನೆನಪಾಗುತ್ತಾನೆ.

2012ರ ಈ ಪುಸ್ತಕದ ನಂತರ ‘ಸೀಜ್ ಅಂಡ್ ಸ್ಟಾರ್ಮ್’, ಆಮೇಲೆ ‘ರುಯಿನ್ ಅಂಡ್ ರೈಸಿಂಗ್’, ಇದೇ ಕ್ರಮದಲ್ಲಿ ಓದಲಿ. 2021ರ ನೆಟ್‌ಫ್ಲಿಕ್ಸ್ ಸರಣಿ ಆಮೇಲೆ ನೋಡಲಿ, ಅದರಲ್ಲಿ ಬೇರೆ ಪುಸ್ತಕದ ಪಾತ್ರಗಳನ್ನೂ ಸೇರಿಸಿದ್ದಾರೆ. ಸಾವುನೋವು, ಸ್ವಲ್ಪ ಪ್ರೇಮ ಇದೆ. ಆ ವಯಸ್ಸಿಗೆ ಜಾಸ್ತಿ ಅನಿಸಲ್ಲ.