'ಎ ಡೈಮ್ ಎ ಡಜನ್' ಅಂದರೆ ತುಂಬಾ ಅಗ್ಗ ಅಂತ ಅರ್ಥವೇ?

ಹೊಸ ಫೋನು ತುಂಬಾ ಅಗ್ಗಕ್ಕೆ ಸಿಕ್ಕಿತು ಅಂತ ಹೇಳಲು 'ದಿಸ್ ಫೋನ್ ಈಸ್ ಎ ಡೈಮ್ ಎ ಡಜನ್' ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ಬೇಡ. ಓದಿದವರಿಗೆ ನಿಮ್ಮ ಸಂತೋಷ ಕಾಣಿಸುವುದಿಲ್ಲ. 'ಇಂಥ ಫೋನು ಎಲ್ಲೆಂದರಲ್ಲಿ ಸಿಗುತ್ತೆ, ಇದರಲ್ಲೇನು ವಿಶೇಷ' ಅಂತ ನೀವೇ ಮೂಗು ಮುರಿದ ಹಾಗೆ ಕೇಳಿಸುತ್ತದೆ.

ಡೈಮ್ ಅಂದರೆ ಅಮೆರಿಕದ 10 ಸೆಂಟಿನ ನಾಣ್ಯ. 1792ರ ಅವರ ನಾಣ್ಯ ಕಾಯ್ದೆಯಲ್ಲೇ ಇದರ ಹೆಸರಿದೆ. (ಈಗ ಅಲ್ಲಿ ಓಡಾಡುವ ನಾಣ್ಯಗಳಲ್ಲಿ ಗಾತ್ರದಲ್ಲಿ ಇದೇ ಪುಟ್ಟದು. 5 ಸೆಂಟಿನ ನಾಣ್ಯವೇ ಇದಕ್ಕಿಂತ ದೊಡ್ಡದು. ವಿಚಿತ್ರ, ಅಲ್ವಾ?) ಒಂದು ಕಾಲಕ್ಕೆ ಮೊಟ್ಟೆ, ಹಣ್ಣು ಮುಂತಾದವನ್ನು ಅಲ್ಲಿ ಡಜನ್‌ಗೆ ಒಂದು ಡೈಮ್ ಅಂತ ನಿಜವಾಗಿಯೂ ಮಾರುತ್ತಿದ್ದರು. ಆಗ ಅದು ಬರೀ ಬೆಲೆ. ಆಮೇಲೆ ಬೆಲೆ ಮರೆಯಾಗಿ, ರಾಶಿ ರಾಶಿ ಸಿಗುವ ವಸ್ತು, ಹಾಗಾಗಿ ಯಾರೂ ಕೇರ್ ಮಾಡದ ವಸ್ತು ಅನ್ನುವ ಅರ್ಥ ಮಾತ್ರ ಉಳಿಯಿತು. ನಾವು 'ಕಾಸಿಗೊಂದು ಕೊಸರಿಗೊಂದು' ಅನ್ನುತ್ತೇವಲ್ಲ, ಹತ್ತಿರ ಹತ್ತಿರ ಅದೇ ಧಾಟಿ. ಅಲ್ಲೂ ಕಾಸಿನ ಹೆಸರಿದೆ, ಆದರೆ ಯಾರೂ ರೇಟು ಹೇಳುತ್ತಿಲ್ಲ.

ಇದು ಅರ್ಥವಾಗಬೇಕಾದರೆ ಬೆಲೆಯೇ ಇಲ್ಲದ ವಿಷಯದ ಬಗ್ಗೆ ಇದನ್ನು ಹೇಗೆ ಬಳಸುತ್ತಾರೆ ನೋಡಿ. ಹೊಸ ಕಂಪನಿ ಕಟ್ಟುವವರ ಬಾಯಲ್ಲಿ ಸದಾ ಓಡಾಡುವ ವಾಕ್ಯ: 'ಐಡಿಯಾಸ್ ಆರ್ ಎ ಡೈಮ್ ಎ ಡಜನ್.' ಐಡಿಯಾವನ್ನು ಯಾರೂ ಡಜನ್ ಲೆಕ್ಕದಲ್ಲಿ ಮಾರುವುದಿಲ್ಲ. ಐಡಿಯಾ ಎಲ್ಲರ ಹತ್ತಿರವೂ ಇರುತ್ತೆ, ಮಾಡಿ ತೋರಿಸುವವರು ಕಡಿಮೆ ಅನ್ನುವುದೇ ಅದರ ತಾತ್ಪರ್ಯ. ಹಾಗೇ 'ಗುಡ್ ಸಿಂಗರ್ಸ್ ಆರ್ ಎ ಡೈಮ್ ಎ ಡಜನ್ ಇನ್ ದಿಸ್ ಸಿಟಿ' ಅಂದರೆ ಚೆನ್ನಾಗಿ ಹಾಡುವವರು ಈ ಊರಲ್ಲಿ ಬೀದಿಗೊಬ್ಬರು ಅಂತ. ಗಾಯಕರ ಸಂಭಾವನೆಯ ಸುದ್ದಿಯೇ ಇಲ್ಲ. ಒಬ್ಬೊಬ್ಬರೂ ಲಕ್ಷ ಲಕ್ಷ ತೆಗೆದುಕೊಂಡರೂ ಈ ಮಾತು ನಿಲ್ಲುತ್ತದೆ.

ಇದರಲ್ಲಿ ಸಣ್ಣ ಚುಚ್ಚು ಇದ್ದೇ ಇರುತ್ತದೆ. ನನ್ನ ಪ್ರಕಾರ ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಸಹೋದ್ಯೋಗಿ ಕಷ್ಟಪಟ್ಟು ಮಾಡಿದ ಡಿಸೈನ್ ನೋಡಿ 'ದೀಸ್ ಆರ್ ಎ ಡೈಮ್ ಎ ಡಜನ್' ಅಂದರೆ ಅದು ಅವಮಾನ, ನೀವು ಎಷ್ಟೇ ನಗುತ್ತಾ ಹೇಳಿದರೂ. ನಿಮ್ಮ ಬಗ್ಗೆ ನೀವೇ ಹೇಳಿಕೊಂಡರೆ ವಿನಯ ಅನ್ನಿಸೀತು. ಆದರೂ ಕೆಲಸದ ಅರ್ಜಿಯಲ್ಲಿ ಸುಮ್ನೆ ಯಾಕೆ!

ವ್ಯಾಕರಣ ಸುಲಭ. 'ಡೈಮ್ಸ್' ಅಂತ ಬಹುವಚನ ಮಾಡಬೇಡಿ, ನುಡಿಗಟ್ಟು ಇದ್ದ ಹಾಗೇ ಇರುತ್ತದೆ. ಒಂದೇ ಒಂದು ವಸ್ತುವಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. 'ಫೋನ್ಸ್ ಲೈಕ್ ದಿಸ್ ಆರ್...' ಅಂತ ಇಡೀ ಗುಂಪನ್ನು ಹಿಡಿದು ಹೇಳಬೇಕು. ಬ್ರಿಟನ್ನಿನವರು ಡೈಮ್ ಬಿಟ್ಟು 'ಟೆನ್ ಎ ಪೆನ್ನಿ' ಅಂತಲೂ ಹೇಳುತ್ತಾರೆ, ಅರ್ಥ ಅದೇ.

ಇನ್ನು ನಿಮಗೆ ನಿಜವಾಗಿ ಬೇಕಾದದ್ದು ಅಗ್ಗದ ಮಾತು. ಅದಕ್ಕೆ 'ಡರ್ಟ್ ಚೀಪ್' ಇದೆ: 'ಐ ಗಾಟ್ ಇಟ್ ಡರ್ಟ್ ಚೀಪ್.' ಬ್ರಿಟನ್ನಿನಲ್ಲಾದರೆ 'ಚೀಪ್ ಆಸ್ ಚಿಪ್ಸ್'. ಹಳೆಯ ವಸ್ತುಗಳ ಟಿವಿ ಕಾರ್ಯಕ್ರಮ ನಡೆಸುತ್ತಿದ್ದ ಡೇವಿಡ್ ಡಿಕಿನ್ಸನ್ ಬಾಯಲ್ಲಿ ಅದು ಅಲ್ಲಿ ಮನೆಮಾತಾಯಿತು. ಬರೀ 'ಚೀಪ್ ಫೋನ್' ಅಂದರೆ ಕಳಪೆ ಅನ್ನುವ ವಾಸನೆಯೂ ಬರುತ್ತದೆ, ಅದರ ಬಗ್ಗೆ ಸ್ವಲ್ಪ ಹುಷಾರು. ಫೋನು ಒಳ್ಳೆಯದು, ಬೆಲೆ ಮಾತ್ರ ನಂಬಲಾಗದಷ್ಟು ಕಡಿಮೆ ಅನ್ನುವುದಾದರೆ 'ಐ ಗಾಟ್ ದಿಸ್ ಫೋನ್ ಫಾರ್ ಎ ಸಾಂಗ್' ಅಂತ ಬರೆಯಿರಿ.